ತಾಮ್ರದ ಧನಿ ನೆಟ್ಟ ತೋಟ

ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಸಪ್ತಸಂತಾನವೆಂಬ ಮಾತು ಬರುತ್ತದೆ. ಮನುಷ್ಯನು ಕಣ್ಮರೆಯಾದ ಮೇಲೂ ಅವನ ಹೆಸರನ್ನು ಉಳಿಸತಕ್ಕ ಏಳು ಬಗೆಯ ಮಕ್ಕಳು ಅವು: ಒಡಲಲ್ಲಿ ಹುಟ್ಟಿದ ಮಗ, ಕಟ್ಟಿಸಿದ ಕೆರೆ, ಎತ್ತಿಸಿದ ದೇಗುಲ, ಬಿಟ್ಟುಕೊಟ್ಟ ಅಗ್ರಹಾರ, ಬರೆಯಿಸಿದ ಕೃತಿ, ಹೂಳಿಟ್ಟ ನಿಕ್ಷೇಪ, ನೆಡಿಸಿದ ವನ. ಕೆರೆಯಿಂದ ಊರಿಗೆ ನೀರು. ವನದಿಂದ ದಾರಿಹೋಕರಿಗೆ ನೆರಳು. ನೆಲದಲ್ಲಿ ಹೂಳಿಟ್ಟ ಹಣವು ಮುಂದೆಂದೋ ಕಷ್ಟಕಾಲದಲ್ಲಿ ಯಾರಿಗಾದರೂ ಒದಗಲಿ ಎಂಬುದು ಹಿರಿಯರ ಎಣಿಕೆಯಾಗಿದ್ದಿರಬೇಕು. ಆದರೆ ಹೂಳಿಟ್ಟವನ ಪುಣ್ಯವನ್ನು ಹೇಳುವ ಆ ಪಟ್ಟಿ, ಅಗೆದು ತೆಗೆದವನ ಋಣವನ್ನು ಕುರಿತು ಏನನ್ನೂ ಹೇಳುವುದಿಲ್ಲ. ಭೂಮಿಯ ಒಡಲಲ್ಲಿ ಯುಗಯುಗಗಳಿಂದ ಇದ್ದ ಲೋಹವನ್ನು ಬಗೆದು ತೆಗೆದು ಶ್ರೀಮಂತನಾದವನು ಭೂಮಿಗೆ ಏನನ್ನು ಹಿಂದಿರುಗಿಸಬೇಕು? ಹಿಂದಿರುಗಿಸಿದರೆ ಲೆಕ್ಕ ಸರಿಹೋಗುತ್ತದೆಯೆ? ಈ ಪ್ರಶ್ನೆಗಳು ಒಂದು ಜೀವನಚರಿತ್ರೆಯಲ್ಲಿ ಎಷ್ಟು ಸ್ಪಷ್ಟವಾಗಿ ಎದ್ದು ನಿಲ್ಲುತ್ತವೆಂಬುದನ್ನು ನಾನು ತಿಳಿದುಕೊಂಡದ್ದು ವಿಲಿಯಂ ಬಾಯ್ಸ್ ಥಾಂಪ್ಸನ್ ಎಂಬ ಅಮೆರಿಕದ ಧನಿಕನಿಂದ. ಅವನು ಅಗೆದದ್ದು ತಾಮ್ರ. ನೆಟ್ಟದ್ದು ಮರುಭೂಮಿಯ ಗಿಡಗಳ ತೋಟ.

ಥಾಂಪ್ಸನ್ನನು ಹುಟ್ಟಿದ್ದು 1869ರ ಮೇ 13ರಂದು, ಮಾಂಟಾನಾ ಪ್ರಾಂತದ ವರ್ಜೀನಿಯಾ ಸಿಟಿ ಎಂಬಲ್ಲಿ. ಅದು ನಮ್ಮ ಊರುಗಳಂತೆ ಹೊಲ, ಗುಡಿ, ಬಾವಿಗಳ ಸುತ್ತ ನಿಧಾನವಾಗಿ ಬೆಳೆದ ಊರಲ್ಲ. 1863ರಲ್ಲಿ ಅಲ್ಲಿನ ಒಂದು ಹಳ್ಳದ ಮರಳಿನಲ್ಲಿ ಚಿನ್ನ ಕಾಣಿಸಿತು. ಸುದ್ದಿ ಹಬ್ಬಿದೊಡನೆ ಸಾವಿರಾರು ಮಂದಿ ಬಂದು ಗುಡಾರ ಹೂಡಿದರು. ಗುಡಾರಗಳೇ ಮನೆಗಳಾಗಿ, ಮನೆಗಳ ಸಾಲುಗಳೇ ಬೀದಿಗಳಾದುವು. ಹಳ್ಳದ ಚಿನ್ನ ತೆಳುವಾದಂತೆ ಬಂದವರಲ್ಲಿ ಬಹುಮಂದಿ ಬೇರೆ ಗಣಿಗಳನ್ನು ಹುಡುಕಿಕೊಂಡು ಹೊರಟರು. ಥಾಂಪ್ಸನ್ನನ ಕುಟುಂಬವೂ ಬ್ಯೂಟ್ ಎಂಬ ಊರಿಗೆ ಹೋಗಿ ನೆಲೆಸಿತು. ಅಲ್ಲಿ ಬೆಳ್ಳಿಯ ಕಾಲ ಹಿಂದಾಗಿ ತಾಮ್ರದ ಕಾಲ ಮೊದಲಾಗುತ್ತಿತ್ತು. ಆ ದಿನಗಳಲ್ಲಿ ಬ್ಯೂಟಿನಲ್ಲಿ ಅದಿರನ್ನು ಬಯಲಿನಲ್ಲಿಯೇ ರಾಶಿ ಹಾಕಿ ಸುಡುತ್ತಿದ್ದರು. ಗಂಧಕದ ಹೊಗೆ ಊರನ್ನೆಲ್ಲ ಮುಸುಕುತ್ತಿತ್ತು. ಮರಗಳು ಒಣಗಿದುವು, ಹುಲ್ಲು ಕೂಡ ಚಿಗುರುವುದನ್ನು ಬಿಟ್ಟಿತು. ಮುಂದೆ ತೋಟ ಮಾಡಲಿದ್ದ ಹುಡುಗನು ಬೆಳೆದದ್ದು ಹಸಿರೆಂಬುದೇ ಇಲ್ಲದ ಊರಿನಲ್ಲಿ. ಆ ಬೋಳು ಬೆಟ್ಟಗಳು ಅವನ ಮನಸ್ಸಿನಲ್ಲಿ ಏನು ಮಾಡಿದುವೆಂದು ಯಾರು ಬಲ್ಲರು? ಆದರೆ ಅವನ ಬದುಕಿನ ಕೊನೆಯ ಭಾಗವನ್ನು ಓದುವಾಗ ಮೊದಲ ಭಾಗದ ಈ ಹೊಗೆಯನ್ನು ನಾನು ಮರೆಯಲಾರೆ.

ವಿದ್ಯಾಭ್ಯಾಸಕ್ಕಾಗಿ ಅವನು ಪೂರ್ವ ತೀರದ ಎಕ್ಸೆಟರ್ ಶಾಲೆಗೆ ಹೋದನು. ಅನಂತರ ಕೊಲಂಬಿಯಾದ ಗಣಿವಿದ್ಯಾ ಶಾಲೆಯನ್ನು ಸೇರಿ, ಪದವಿಯನ್ನು ಮುಗಿಸದೆ ಮಾಂಟಾನಾಕ್ಕೆ ಹಿಂದಿರುಗಿದನು. 1895ರಲ್ಲಿ ಗರ್ಟ್ರೂಡ್ ಹಿಕ್‌ಮನ್ ಎಂಬಾಕೆಯನ್ನು ಮದುವೆಯಾದನು. 1899ರ ಹೊತ್ತಿಗೆ ನ್ಯೂಯಾರ್ಕಿನ ಷೇರು ಪೇಟೆಯೇ ಅವನ ಗಣಿಯಾಯಿತು. ಗಣಿಯೊಂದನ್ನು ಅಗ್ಗವಾಗಿ ಕೊಳ್ಳುವುದು, ಅದರ ಹೆಸರಿನಲ್ಲಿ ಕಂಪನಿ ಕಟ್ಟುವುದು, ಷೇರುಗಳನ್ನು ಪೇಟೆಗೆ ಬಿಡುವುದು, ಬೆಲೆ ಏರಿದಾಗ ಮಾರುವುದು: ಈ ವಿದ್ಯೆಯಲ್ಲಿ ಅವನು ಪಾರಂಗತನಾದನು. ಇಂಥ ವ್ಯವಹಾರದಲ್ಲಿ ಒಬ್ಬನು ಸರಿಯಾದ ಗಳಿಗೆಯಲ್ಲಿ ಮಾರಿದನೆಂದರೆ ಇನ್ನೊಬ್ಬನು ತಪ್ಪು ಗಳಿಗೆಯಲ್ಲಿ ಕೊಂಡನೆಂದೇ ಅರ್ಥ. ಆದ್ದರಿಂದ ಥಾಂಪ್ಸನ್ನನ ಸಂಪತ್ತನ್ನು ಬರಿಯ ಪರಿಶ್ರಮದ ಫಲವೆಂದು ಹೊಗಳಲು ನನಗೆ ಮನಸ್ಸು ಬಾರದು. ಆದರೆ ಅವನು ಕಾಗದದ ಗಣಿಗಳನ್ನಷ್ಟೇ ಕಟ್ಟಿದವನಲ್ಲ. ಒಳ್ಳೆಯ ಗಣಿ ಯಾವುದು, ಅದನ್ನು ನಡೆಸತಕ್ಕವನು ಯಾರು ಎಂಬುದನ್ನು ಗುರುತಿಸುವ ಕಣ್ಣು ಅವನಿಗಿತ್ತು. 1910ರಲ್ಲಿ ಅರಿಜೋನಾದ ಸುಪೀರಿಯರ್ ಎಂಬ ಊರಿನ ಹಳೆಯ ಬೆಳ್ಳಿಗಣಿಯೊಂದನ್ನು ಕೊಂಡು ಮ್ಯಾಗ್ಮಾ ತಾಮ್ರ ಕಂಪನಿಯನ್ನು ಆರಂಭಿಸಿದನು. 1914ರಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ಮೊದಲಾದಾಗ ಅದರ ನಿರ್ದೇಶಕರಲ್ಲಿ ಒಬ್ಬನಾದನು. 1921ರಲ್ಲಿ ಅವನು ಸ್ಥಾಪಿಸಿದ ನ್ಯೂಮಾಂಟ್ ಕಂಪನಿಯ ಹೆಸರನ್ನು ಗಣಿಗಾರಿಕೆಯ ಲೋಕ ಇಂದಿಗೂ ಬಲ್ಲುದು. ಒಟ್ಟಿನಲ್ಲಿ, ಐವತ್ತು ತುಂಬುವುದಕ್ಕೆ ಮೊದಲೇ, ಹಣ ಕೊಡಬಹುದಾದ ಸುಖಗಳೆಲ್ಲ ಅವನ ಕೈಯಲ್ಲಿದ್ದುವು.

ಅಲ್ಲಿಗೇ ನಿಂತಿದ್ದರೆ ಅವನ ಚರಿತ್ರೆಯನ್ನು ನಾವು ಓದಬೇಕಾದ ಕಾರಣವಿರಲಿಲ್ಲ. 1917ರ ಬೇಸಗೆಯಲ್ಲಿ ಅವನು ಅಮೆರಿಕದ ರೆಡ್ ಕ್ರಾಸ್ ನಿಯೋಗದೊಡನೆ ರಷ್ಯಕ್ಕೆ ಹೊರಟನು. ಪೆಸಿಫಿಕ್ ಸಾಗರವನ್ನು ದಾಟಿ, ಸೈಬೀರಿಯದ ಉದ್ದಕ್ಕೂ ರೈಲಿನಲ್ಲಿ ಸಾಗಿ, ಆಗಸ್ಟ್ ತಿಂಗಳಲ್ಲಿ ಆ ನಿಯೋಗ ಪೆಟ್ರೊಗ್ರಾಡನ್ನು ಮುಟ್ಟಿತು. ಚಕ್ರವರ್ತಿ ಸಿಂಹಾಸನದಿಂದಿಳಿದು ಆಗಲೇ ಐದು ತಿಂಗಳಾಗಿತ್ತು. ಕೆರೆನ್‌ಸ್ಕಿಯ ಸರಕಾರ ಹೆಸರಿಗೆ ಆಳುತ್ತಿತ್ತು. ರೊಟ್ಟಿಗಾಗಿ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಂತ ಹೆಂಗಸರು ಆ ನಗರದ ನಿತ್ಯದೃಶ್ಯ. ಆ ಕ್ರಾಂತಿ ಮೊದಲಾದದ್ದೂ ಅಂಥ ಸಾಲುಗಳಿಂದಲೇ. ನಿಯೋಗದ ಮುಖ್ಯಸ್ಥನಾಗಿದ್ದ ವೈದ್ಯನು ಹಿಂದಿರುಗಿದ ಮೇಲೆ ಆ ಹೊಣೆ ಥಾಂಪ್ಸನ್ನನ ಮೇಲೆ ಬಿತ್ತು. ಕೆರೆನ್‌ಸ್ಕಿಯ ಸರಕಾರ ಉಳಿಯಬೇಕು, ರಷ್ಯ ಯುದ್ಧದಿಂದ ಹಿಂದೆಗೆಯಬಾರದು ಎಂಬ ಉದ್ದೇಶದಿಂದ ಅವನು ಪತ್ರಿಕೆಗಳಿಗೂ ಪ್ರಚಾರಕ್ಕೂ ತನ್ನ ಸ್ವಂತ ಹಣದಿಂದ 10 ಲಕ್ಷ ಡಾಲರುಗಳನ್ನು ಕೊಟ್ಟನು. ಷೇರಿನ ಬೆಲೆಯನ್ನು ಏರಿಸಬಲ್ಲ ಹಣ ಸರಕಾರವನ್ನೂ ನಿಲ್ಲಿಸಬಲ್ಲುದೆಂದು ಅವನು ನಂಬಿದ್ದಂತೆ ತೋರುತ್ತದೆ. ನವೆಂಬರ್ 7ರಂದು ಆ ಸರಕಾರ ಒಂದೇ ರಾತ್ರಿಯಲ್ಲಿ ಉರುಳಿತು. ಹಸಿದವನ ಮುಂದೆ ಕರಪತ್ರವನ್ನು ಹಿಡಿದರೆ ಆಗುವುದು ಇಷ್ಟೆ.

ಇಲ್ಲಿ ಅವನ ಸ್ವಭಾವದ ಒಂದು ಗುಣವನ್ನು ಮೆಚ್ಚಬೇಕು. ಸೋಲನ್ನು ಸೋಲೆಂದು ಒಪ್ಪಿಕೊಳ್ಳುವ ಧೈರ್ಯ ಅವನಲ್ಲಿತ್ತು. ಬೊಲ್ಷೆವಿಕರು ಗೆದ್ದಿದ್ದಾರೆ, ಅವರೊಡನೆ ವ್ಯವಹರಿಸುವುದೇ ವಿವೇಕ ಎಂದು ಆ ಕೋಟ್ಯಧೀಶನೇ ವಾದಿಸತೊಡಗಿದನು. ಲಂಡನ್ನಿನಲ್ಲಿ ಲಾಯ್ಡ್ ಜಾರ್ಜನನ್ನು ಕಂಡು ಹೇಳಿದನು. 1918ರ ಆದಿಯಲ್ಲಿ ಅಮೆರಿಕಕ್ಕೆ ಬಂದು ಅಧ್ಯಕ್ಷ ವಿಲ್ಸನ್ನನಿಗೂ ಹೇಳಲು ಹೊರಟನು; ವಿಲ್ಸನ್ನನು ಭೇಟಿಗೆ ಅವಕಾಶವನ್ನೇ ಕೊಡಲಿಲ್ಲ. ತನ್ನ ವರ್ಗದವರ ದೃಷ್ಟಿಯಲ್ಲಿ ಅವನು ಬುದ್ಧಿ ಕೆಟ್ಟವನಾದನು.

ರಾಜಕೀಯದ ಬಾಗಿಲು ಹೀಗೆ ಮುಚ್ಚಿದ ಮೇಲೆ ಅವನ ಯೋಚನೆ ಇನ್ನೊಂದು ದಾರಿಯನ್ನು ಹಿಡಿಯಿತು. ರೊಟ್ಟಿಯಿಲ್ಲದ ಕಡೆ ರಾಜ್ಯವೂ ಇಲ್ಲ. ರೊಟ್ಟಿಯ ಮೂಲ ಗಿಡ. ಉಡುವ ಬಟ್ಟೆ, ಹಾಸುವ ನಾರು, ಕುಡಿಯುವ ಔಷಧ, ಇವುಗಳ ಮೂಲವೂ ಬಹುಮಟ್ಟಿಗೆ ಗಿಡವೇ. ಜನಸಂಖ್ಯೆ ಬೆಳೆಯುತ್ತಿದೆ, ನೆಲ ಬೆಳೆಯುವುದಿಲ್ಲ. ಹಾಗಿದ್ದ ಮೇಲೆ ಗಿಡ ಹೇಗೆ ಬದುಕುತ್ತದೆ, ಏಕೆ ಸಾಯುತ್ತದೆ ಎಂಬುದನ್ನು ತಿಳಿಯುವುದಕ್ಕಿಂತ ಮಿಗಿಲಾದ ವಿದ್ಯೆ ಯಾವುದು? ಈ ವಿಚಾರದ ಫಲವಾಗಿ ನ್ಯೂಯಾರ್ಕಿನ ಬಳಿಯ ಯಾಂಕರ್ಸಿನಲ್ಲಿ, ತನ್ನ ಭವ್ಯಗೃಹದ ಎದುರಿನಲ್ಲಿಯೇ, ಅವನು ಒಂದು ಸಸ್ಯಸಂಶೋಧನ ಸಂಸ್ಥೆಯನ್ನು ಕಟ್ಟಿಸಿದನು. ಅದು ಬಾಗಿಲು ತೆರೆದದ್ದು 1924ರಲ್ಲಿ. ಬಾಯ್ಸ್ ಎಂಬುದು ಅವನ ತಾಯಿಯ ತವರಿನ ಹೆಸರು, ಥಾಂಪ್ಸನ್ ಎಂಬುದು ತಂದೆಯದು. ಸಂಸ್ಥೆಗೆ ಬಾಯ್ಸ್ ಥಾಂಪ್ಸನ್ ಎಂದು ಇಟ್ಟ ಹೆಸರು ತಂದೆತಾಯಿಗಳ ಸ್ಮಾರಕವೇ ಆಯಿತು. ವಿಲಿಯಂ ಕ್ರಾಕರ್ ಎಂಬ ಸಸ್ಯವಿಜ್ಞಾನಿ ಅದರ ಮೊದಲ ನಿರ್ದೇಶಕ. ಇಂದು ನಮ್ಮ ನರ್ಸರಿಗಳಲ್ಲಿ ಕಡ್ಡಿಯ ತುದಿಯನ್ನು ಒಂದು ಬಿಳಿಯ ಪುಡಿಯಲ್ಲಿ ಅದ್ದಿ ಮಣ್ಣಿಗೆ ಊರುತ್ತಾರಷ್ಟೆ. ಬೇಗ ಬೇರು ಬರಿಸುವ ಅಂಥ ಪುಡಿಗಳ ಹಿಂದಿರುವ ತಿಳಿವಳಿಕೆಗೆ 1930ರ ದಶಕದಲ್ಲಿ ಈ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಪ್ರಯೋಗಗಳು ಬಹಳ ನೆರವಾದುವು. 1978ರಲ್ಲಿ ಸಂಸ್ಥೆ ಕಾರ್ನೆಲ್ ವಿಶ್ವವಿದ್ಯಾನಿಲಯದ ಆವರಣಕ್ಕೆ ಸ್ಥಳಾಂತರಗೊಂಡು ಇಂದಿಗೂ ಕೆಲಸ ನಡೆಸುತ್ತಿದೆ.

ಯಾಂಕರ್ಸಿನದು ಪ್ರಯೋಗಶಾಲೆ. ತೋಟಕ್ಕೆ ಅವನು ಆರಿಸಿಕೊಂಡದ್ದು ತನ್ನ ತಾಮ್ರದ ಗಣಿಯ ನೆರೆಯನ್ನೇ. ಸುಪೀರಿಯರ್ ಊರಿನಿಂದ ಕೆಲವೇ ಮೈಲಿ ಪಶ್ಚಿಮಕ್ಕೆ ಪಿಕೆಟ್ ಪೋಸ್ಟ್ ಎಂಬ ಬೆಟ್ಟವಿದೆ. ಸುತ್ತಲಿನ ನೆಲ ಮೊದಲು ಅಪಾಚೆ ಜನರದು. 1870ರ ಸುಮಾರಿನಲ್ಲಿ ಅವರನ್ನು ಹತ್ತಿಕ್ಕುವುದಕ್ಕಾಗಿ ಸೈನ್ಯ ಅಲ್ಲಿ ಪಾಳೆಯ ಬಿಟ್ಟಿತ್ತು. ಬೆಟ್ಟದ ಹೆಸರೇ ಕಾವಲು ಠಾಣೆಯೆಂದು ಅರ್ಥ ಕೊಡುತ್ತದೆ. ಅದರ ಬುಡದಲ್ಲಿ ಹರಿಯುವ ಹಳ್ಳದ ದಂಡೆಯ ಬಂಡೆಗಳ ಮೇಲೆ ಥಾಂಪ್ಸನ್ನನು ಚಳಿಗಾಲದ ಮನೆಯೊಂದನ್ನು ಕಟ್ಟಿಸಿದನು. ಅದರ ಬಳಿಯಲ್ಲಿಯೇ ತೋಟವೂ ಮೊದಲಾಯಿತು. ಅಂದಿನ ಉದ್ಯಾನಗಳ ಕೀರ್ತಿಯೆಲ್ಲ ಗುಲಾಬಿ, ಹುಲ್ಲುಹಾಸು, ಕಾರಂಜಿಗಳದು. ಇವನು ಕೂಡಿಸಹೊರಟದ್ದು ಮಳೆ ಕಡಮೆಯಾದ ದೇಶಗಳ ಗಿಡಗಳನ್ನು. ಪ್ರಪಂಚದ ಒಣ ನೆಲಗಳಲ್ಲೆಲ್ಲ ಬೆಳೆಯುವ ಸಸ್ಯಗಳನ್ನು ತರಿಸಿ ಒಂದೆಡೆ ಬೆಳೆಸುವುದು, ಯಾವುದು ಆಹಾರಕ್ಕೆ, ಯಾವುದು ನಾರಿಗೆ, ಯಾವುದು ಔಷಧಕ್ಕೆ, ಯಾವುದು ಮಣ್ಣನ್ನು ಹಿಡಿದಿಡುವುದಕ್ಕೆ ಒದಗುವುದೆಂದು ಪರೀಕ್ಷಿಸುವುದು: ಇದು ಉದ್ದೇಶ. ಅರಿಜೋನಾ ವಿಶ್ವವಿದ್ಯಾನಿಲಯದಿಂದ ಬಂದ ಫ್ರಾಂಕ್ಲಿನ್ ಕ್ರೈಡರನು ಮೊದಲ ನಿರ್ದೇಶಕನಾದನು. 1929ರ ಏಪ್ರಿಲ್ 6ರಂದು ತೋಟವನ್ನು ವಿಧಿಪೂರ್ವಕವಾಗಿ ಲೋಕಕ್ಕೆ ಅರ್ಪಿಸಿದರು.

ಈ ತೋಟವನ್ನು ನಾನು ನೋಡಿದ್ದು ಅರಿಜೋನಾದಲ್ಲಿ ನೆಲೆಸಿರುವ ನನ್ನ ತಂಗಿಯ ಮನೆಗೆ ಹೋಗಿದ್ದಾಗ. ನಾನು ಸಸ್ಯಶಾಸ್ತ್ರಜ್ಞನಲ್ಲ, ಕನ್ನಡ ಪಾಠ ಹೇಳುವವನು. ಬಳ್ಳಾರಿಯ ಸೀಮೆಯಲ್ಲಿ ಹುಟ್ಟಿ ಬೆಳೆದವನಾದುದರಿಂದ ಕಳ್ಳಿ ಜಾಲಿಗಳು ನನಗೆ ಹೊಸವಲ್ಲ. ಆದರೂ ಅಲ್ಲಿ ನಡೆಯುತ್ತ ನಡೆಯುತ್ತ ಬರಡು ಎಂಬ ನಮ್ಮ ಮಾತಿನ ಮೇಲೆಯೇ ನನಗೆ ಸಂಶಯ ಹುಟ್ಟಿತು. ಸಗ್ವಾರೊ ಎಂಬ ಕಂಬಗಳ್ಳಿ ಅಲ್ಲಿಯ ಅರಸು. ಪೂರ್ಣವಾಗಿ ಬೆಳೆದದ್ದು 40 ಅಡಿಯನ್ನೂ ಮುಟ್ಟುತ್ತದೆ. ಅದರ ಮೈ ನಿರಿಗೆ ಹಿಡಿದ ಬಟ್ಟೆಯ ಹಾಗೆ. ಮಳೆ ಬಂದಾಗ ನಿರಿಗೆ ಬಿಚ್ಚಿ ಹಿಗ್ಗುತ್ತದೆ, ಬರಗಾಲದಲ್ಲಿ ಮತ್ತೆ ಮಡಿಸಿಕೊಳ್ಳುತ್ತದೆ. ಆದರೆ ಈ ಅರಸಿನ ಬಾಲ್ಯ ಬಹು ದೈನ್ಯದ್ದು. ಮೊದಲ ಏಳೆಂಟು ವರ್ಷಗಳಲ್ಲಿ ಅದು ಒಂದೆರಡು ಅಂಗುಲಕ್ಕಿಂತ ಹೆಚ್ಚು ಏಳುವುದಿಲ್ಲ. ಮೊದಲ ತೋಳು ಒಡೆಯಬೇಕಾದರೆ 50 ವರ್ಷಗಳಾದರೂ ಬೇಕು. ಆ ಎಳೆತನದಲ್ಲಿ ಬಿಸಿಲಿಗೂ ಇಬ್ಬನಿಗೂ ಒಡ್ಡಿಕೊಂಡರೆ ಸಾಯುವುದು ಖಂಡಿತ. ಆದ್ದರಿಂದ ಅದು ಯಾವುದಾದರೊಂದು ಜಾಲಿಜಾತಿಯ ಮರದ ಬುಡದಲ್ಲಿ, ಅದರ ನೆರಳಿನಲ್ಲಿ ಹುಟ್ಟಿ ಬೆಳೆಯುತ್ತದೆ. ಇಂಥ ಮರವನ್ನು ಸಸ್ಯಶಾಸ್ತ್ರಜ್ಞರು ದಾದಿಮರವೆಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಕಳ್ಳಿ ದೊಡ್ಡದಾಗುವ ಹೊತ್ತಿಗೆ ಎಷ್ಟೋ ವೇಳೆ ದಾದಿ ಸತ್ತಿರುತ್ತಾಳೆ.

ಮೆಕ್ಸಿಕೋದ ಬಾಹಾ ಪ್ರಾಂತದಿಂದ ಬಂದ ಬೂಜಮ್ ಎಂಬ ಗಿಡ ಇನ್ನೊಂದು ವಿಚಿತ್ರ. ಬುಡ ಮೇಲಾಗಿ ನೆಟ್ಟ ಮೂಲಂಗಿಯಂತೆ ಅದು ಆಕಾಶದ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ, ಮೈತುಂಬ ಕಡ್ಡಿಗಳು. ಲೂಯಿಸ್ ಕ್ಯಾರಲ್ಲನ ವಿನೋದಕಾವ್ಯದಲ್ಲಿ ಬರುವ, ಯಾರೂ ಕಾಣದ ಪ್ರಾಣಿಯೊಂದರ ಹೆಸರನ್ನು ಅದಕ್ಕೆ 1922ರಲ್ಲಿ ಇಟ್ಟರಂತೆ. ಕವಿಯ ಕಲ್ಪನೆಗೆ ಗಿಡವೇ ಬಂದು ಸಾಕ್ಷಿ ನಿಂತಂತಾಯಿತು. ನಮ್ಮ ಹೊಲದ ಬದುಗಳ ಕತ್ತಾಳೆಯ ಅಣ್ಣತಮ್ಮಂದಿರು ಅಲ್ಲಿ ನೂರು ರೂಪದಲ್ಲಿ ನಿಂತಿದ್ದುವು. ಅದರ ತವರು ಅಮೆರಿಕವೇ; ನಮ್ಮ ಪಾಪಾಸುಕಳ್ಳಿಯ ತವರೂ ಅದೇ. ಬಾಲ್ಯದಿಂದ ನಮ್ಮವೆಂದೇ ತಿಳಿದಿದ್ದ ಬೇಲಿಯ ಗಿಡಗಳನ್ನು ಅವುಗಳ ತವರುಮನೆಯಲ್ಲಿ ಕಂಡಾಗ, ಬಹುಕಾಲದ ನೆರೆಯವನ ಹಿರಿಯರನ್ನು ಕಂಡಷ್ಟು ಸಂಕೋಚವೂ ಸಂತೋಷವೂ ನನಗಾಯಿತು. ಹಳ್ಳದ ಹತ್ತಿರ ಆಸ್ಟ್ರೇಲಿಯದ ನೀಲಗಿರಿ ಮರವೊಂದಿದೆ. ಅದನ್ನು ಸಸಿಯಾಗಿ ನೆಟ್ಟದ್ದು 1926ರಲ್ಲಿ. ಇಂದು ಅದರ ಬೊಡ್ಡೆಯ ಮುಂದೆ ನಿಂತವನು ಬಹು ಸಣ್ಣವನಾಗಿ ಕಾಣುತ್ತಾನೆ.

ಸಸಿಯನ್ನು ನೆಡಿಸಿದವನ ಆಯುಷ್ಯ ಆಗ ಮುಗಿಯುತ್ತ ಬಂದಿತ್ತು. ಸ್ಥೂಲಕಾಯನಾಗಿದ್ದ ಥಾಂಪ್ಸನ್ನನಿಗೆ ಪಾರ್ಶ್ವವಾಯು ಬಡಿಯಿತು. ದೇಶದೇಶಗಳನ್ನು ಸುತ್ತಿದವನು ಗಾಲಿಕುರ್ಚಿಯಲ್ಲಿ ಕುಳಿತು ತನ್ನ ಗಿಡಗಳನ್ನು ನೋಡುವವನಾದನು. ಒಂದು ತೋಳು ಒಡೆಯಲು 50 ವರ್ಷ ಹಿಡಿಯುವ ಗಿಡಗಳ ತೋಟವನ್ನು ಅರುವತ್ತು ತುಂಬುತ್ತಿದ್ದ ರೋಗಿಯೊಬ್ಬನು ಮಾಡಿಸಿದನೆಂಬುದನ್ನು ನೆನೆದಾಗ ಅವನ ವಿಷಯದಲ್ಲಿ ನನ್ನ ಮನಸ್ಸು ಮೆತ್ತಗಾಗುತ್ತದೆ. ಬೆಳಗ್ಗೆ ಕೊಂಡು ಸಂಜೆಗೆ ಮಾರುವುದನ್ನೇ ಕಲಿತವನು ತಾನು ಕಾಣಲಾರದ ಕಾಲಕ್ಕಾಗಿ ಬಂಡವಾಳ ಹೂಡಿದ್ದನು. 1930ರ ಜೂನ್ 27ರಂದು ಯಾಂಕರ್ಸಿನಲ್ಲಿ ಅವನು ತೀರಿಕೊಂಡನು. ತೋಟವನ್ನು ಅರ್ಪಿಸಿ ಆಗಿನ್ನೂ 15 ತಿಂಗಳು ಕೂಡ ತುಂಬಿರಲಿಲ್ಲ.

ಹಾಗಾದರೆ ಋಣ ತೀರಿತೆ? ತೀರಿತೆಂದು ಹೇಳಿಬಿಡುವುದು ಸುಲಭ. ನಿಜಕ್ಕೆ ಅದು ಅಪಚಾರವಾದೀತು. ತೋಟದ ಹಣವೆಲ್ಲ ಗಣಿಯ ಹಣ. ಬೆಟ್ಟದ ಒಂದು ಮಗ್ಗುಲಲ್ಲಿ ಗಿಡ ಬೆಳೆಯುತ್ತಿದ್ದಾಗ ಇನ್ನೊಂದು ಮಗ್ಗುಲಲ್ಲಿ ಅದಿರನ್ನು ಕರಗಿಸುವ ಕುಲುಮೆಯ ಹೊಗೆ ಏಳುತ್ತಿತ್ತು. ಆ ನೆಲವನ್ನು ಕಳೆದುಕೊಂಡ ಅಪಾಚೆ ಜನರ ಲೆಕ್ಕ ಯಾವ ಪುಸ್ತಕದಲ್ಲಿಯೂ ಸರಿಹೋಗಿಲ್ಲ. ಸುಪೀರಿಯರ್ ಊರಿನ ಪೂರ್ವಕ್ಕೆ ಓಕ್ ಫ್ಲ್ಯಾಟ್ ಎಂಬ ಅವರ ಪವಿತ್ರಸ್ಥಳವಿದೆ. ಅದರ ಅಡಿಯಲ್ಲಿ ತಾಮ್ರದ ದೊಡ್ಡ ನಿಕ್ಷೇಪವಿದೆ. ಅದನ್ನು ಗಣಿಗೆ ಬಿಟ್ಟುಕೊಡುವ ಶಾಸನ 2014ರಲ್ಲಿ ಆದ ಮೇಲೆ ಅದರ ವ್ಯಾಜ್ಯ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆಯಿತು.

ತೋಟದ ಉಪಕಾರ ಕೂಡ ಕಲಬೆರಕೆಯಿಲ್ಲದ್ದಲ್ಲ. ಕ್ರೈಡರನು 1932ರಲ್ಲಿ ದಕ್ಷಿಣ ಆಫ್ರಿಕದಿಂದ ಒಂದು ಬಗೆಯ ಹುಲ್ಲಿನ ಬೀಜವನ್ನು ತರಿಸಿ ಅಲ್ಲಿ ಬಿತ್ತಿದನು. ದನಗಳು ಮೇದು ಬರಿದಾಗಿದ್ದ ನೆಲದಲ್ಲಿ ಅದು ಚೆನ್ನಾಗಿ ಹಿಡಿಯಿತು. ಮಣ್ಣಿನ ಸವಕಳಿಯನ್ನು ತಡೆಯುವ ಸರಕಾರಿ ಇಲಾಖೆ ಅದನ್ನು ಊರೂರಿಗೆ ಹರಡಿತು. ಹುಲ್ಲು ಹೇಳಿದ ಕೆಲಸವನ್ನು ಮಾಡಿತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ದಕ್ಷಿಣ ಅರಿಜೋನಾದ ಬಯಲುಗಳಲ್ಲಿ ನಾಡಹುಲ್ಲುಗಳನ್ನು ನೂಕಿ, ತಾನೇ ದಟ್ಟವಾಗಿ ಬೆಳೆದು, ಬೆಂಕಿಗೆ ಸುಲಭವಾಗಿ ಉರಿಯುವ ಹಾಸಾಯಿತು. ಈಗ ಅದನ್ನು ತಡೆಯುವುದೇ ಒಂದು ಸಮಸ್ಯೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕಾರ್ಯಕ್ಕೂ ಮುಂದಿನವರು ಬೆಲೆ ತೆರಬೇಕಾಗುತ್ತದೆ.

ನಮ್ಮ ಸೀಮೆಯವರಿಗೆ ಈ ಕಥೆ ದೂರದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಒಣ ನೆಲಕ್ಕೆ ಹಸಿರು, ಬಡವನ ಒಲೆಗೆ ಸೌದೆ ಎಂದು ಅಮೆರಿಕ ಖಂಡದಿಂದ ಭಾರತಕ್ಕೆ ತಂದ ಒಂದು ಮುಳ್ಳುಮರ ಇಂದು ನಮ್ಮ ಕೆರೆಯಂಗಳಗಳನ್ನೂ ಬೀಳುಹೊಲಗಳನ್ನೂ ಆಕ್ರಮಿಸಿದೆ. ಕನ್ನಡಿಗರು ಅದಕ್ಕೆ ಬಳ್ಳಾರಿ ಜಾಲಿ ಎಂದು ನನ್ನ ಜಿಲ್ಲೆಯ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಅರಿಜೋನಾದ ತೋಟದಲ್ಲಿ ಅದರ ದಾಯಾದಿ ಮರಗಳು ಶಾಂತವಾಗಿ, ತಮ್ಮ ಮೇರೆಯಲ್ಲಿ ನಿಂತಿದ್ದುವು. ಅವುಗಳ ಕಾಯನ್ನು ಅಲ್ಲಿಯ ಮೂಲನಿವಾಸಿಗಳು ಕುಟ್ಟಿ ಹಿಟ್ಟು ಮಾಡಿ ಉಣ್ಣುತ್ತಿದ್ದರು. ಇನ್ನು ಅದಿರಿನ ಮಾತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ನಡುವೆ ಬಂದು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು. ಸಂಡೂರಿನ ಕಡೆಯ ಅಗೆದ ಗುಡ್ಡಗಳನ್ನೂ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹಳ್ಳಗಳನ್ನೂ ಕಂಡ ನನಗೆ ಬ್ಯೂಟಿನ ಬೋಳು ಬೆಟ್ಟಗಳನ್ನು ಊಹಿಸಿಕೊಳ್ಳುವುದು ಕಷ್ಟವಾಗಲಿಲ್ಲ.

ಥಾಂಪ್ಸನ್ನನನ್ನು ಧರ್ಮಾತ್ಮನೆಂದು ಪೂಜಿಸಬೇಕಾಗಿಲ್ಲ. ಪಾಪಭೀತಿಯಿಂದ ದಾನ ಮಾಡಿದವನೆಂದು ತಳ್ಳಿಹಾಕಬೇಕಾಗಿಯೂ ಇಲ್ಲ. ಅವನ ಬಳಿ ಹಣವಿತ್ತು. ಆ ಹಣದಿಂದ ಸರಕಾರವೊಂದನ್ನು ನಿಲ್ಲಿಸಹೋಗಿ ಸೋತನು. ಸೋಲಿನಿಂದ, ಮನುಷ್ಯನ ಬದುಕು ನಿಂತಿರುವುದು ಯಾವುದರ ಮೇಲೆ ಎಂಬುದನ್ನು ಕಲಿತನು. ಕಲಿತ ಮೇಲೆ ಸುಮ್ಮನಿರಲಿಲ್ಲ. ಕಲಿತೂ ಸುಮ್ಮನಿರುವವರೇ ಲೋಕದಲ್ಲಿ ಹೆಚ್ಚು. ಅವನನ್ನು ಶ್ರೀಮಂತನನ್ನಾಗಿ ಮಾಡಿದ ಮ್ಯಾಗ್ಮಾ ಗಣಿ 1996ರಲ್ಲಿ ಮುಚ್ಚಿತು. ತೋಟ 1976ರಲ್ಲಿ ಅರಿಜೋನಾದ ಸಾರ್ವಜನಿಕ ಉದ್ಯಾನಗಳಲ್ಲಿ ಒಂದೆನಿಸಿತು. ಇಂದಿಗೂ ಜನರಿಗೆ ತೆರೆದಿದೆ. ಅಲ್ಲಿ ನಾನು ಶಾಲೆಯ ಮಕ್ಕಳ ಒಂದು ಗುಂಪನ್ನು ಕಂಡೆ. ಉಪಾಧ್ಯಾಯಿನಿ ಒಂದು ಮರದ ಬುಡವನ್ನು ತೋರಿಸುತ್ತಿದ್ದಳು. ಮಕ್ಕಳು ಮಂಡಿಯೂರಿ ಹುಡುಕುತ್ತಿದ್ದರು. ಹೆಬ್ಬೆರಳಿನ ಗಾತ್ರದ ಒಂದು ಸಗ್ವಾರೊ ಆ ನೆರಳಿನಲ್ಲಿತ್ತು. ಆ ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಅದು ತೋಳೊಡೆದೀತು.